ಕಟ್ಟುವ ಮುನ್ನ ಆರು ಪುಟ

2004ರ ಜೂನ್ 9ರ ಸಂಜೆ ಅಮೆಜಾನ್ ಕಂಪನಿಯ ಹಿರಿಯ ಅಧಿಕಾರಿಗಳಿಗೆ ಒಂದು ಇಮೇಲ್ ಬಂತು. ಇನ್ನು ಮೇಲೆ ಅವರ ಸಭೆಗೆ ಯಾರೂ ಪವರ್‌ಪಾಯಿಂಟ್ ಹಿಡಿದು ಬರಕೂಡದು, ಹೇಳಬೇಕಾದ್ದನ್ನೆಲ್ಲ ಗದ್ಯದಲ್ಲಿ ಬರೆದು ತರಬೇಕು ಎಂಬುದು ಅದರ ಒಕ್ಕಣೆ. ಕಂಪನಿ ಶುರುವಾಗಿ ಆಗ ಹತ್ತು ವರ್ಷ. 1994ರಲ್ಲಿ ಸಿಯಾಟಲ್ ಪಕ್ಕದ ಬೆಲ್‌ವ್ಯೂ ಊರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಜೆಫ್ ಬೆಜೋಸ್ ಆರಂಭಿಸಿದ ಪುಸ್ತಕದಂಗಡಿ ಅಷ್ಟರಲ್ಲಿ ಸಾವಿರಾರು ಜನ ದುಡಿಯುವ ಸಂಸ್ಥೆಯಾಗಿ ಬೆಳೆದಿತ್ತು. ಅಂಥ ಕಡೆ ಒಂದೇ ಸಂಜೆಗೆ ಎಲ್ಲರ ಕೈಯಿಂದ ಸ್ಲೈಡು ಕಿತ್ತುಕೊಂಡರೆ ಗೊಣಗಾಟ ಏಳದೆ ಇರುತ್ತದೆಯೇ? ಏಕೆ ಎಂದು ಕೇಳಿದವರಿಗೆ ಬೆಜೋಸ್ ಕಾರಣವನ್ನೂ ಬರೆದು ತಿಳಿಸಿದರು. ಇಪ್ಪತ್ತು ಸ್ಲೈಡು ಜೋಡಿಸುವುದಕ್ಕಿಂತ ನಾಲ್ಕು ಪುಟದ ಒಳ್ಳೆಯ ಟಿಪ್ಪಣಿ ಬರೆಯುವುದು ಕಷ್ಟ. ಯಾವುದು ಮುಖ್ಯ, ಯಾವುದು ಅಷ್ಟಕ್ಕಷ್ಟೆ, ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಎಂಬುದನ್ನು ಬರೆಯುವವರು ಮೊದಲು ತಾವು ತಿಳಿದುಕೊಂಡಿರಬೇಕಾಗುತ್ತದೆ. ವರ್ಡ್ ಕಡತದಲ್ಲಿ ಚುಕ್ಕಿ ಹಾಕಿ ಸಾಲು ಪೋಣಿಸಿ ತಂದರೆ ಅದೂ ಪವರ್‌ಪಾಯಿಂಟಿನಷ್ಟೇ ಕೆಟ್ಟದ್ದು. ಇದು ಅವರ ವಾದ.

ಬೆಜೋಸ್ ಅವರ ಸಂಪತ್ತಿನ ಬಗ್ಗೆ, ರಾಕೆಟ್ಟಿನ ಬಗ್ಗೆ ಬೇಕಾದಷ್ಟು ಬರಹ ಬಂದಿದೆ. ಹೊಸ ಕಂಪನಿ ಕಟ್ಟುವವರು ಅವರಿಂದ ಕಲಿಯಬೇಕಾದ್ದು ಬೇರೆ ಇದೆ ಎಂದು ನನಗೆ ಅನ್ನಿಸುತ್ತದೆ. ಒಂದು ಉತ್ಪನ್ನದ ಗುಣಮಟ್ಟದ ಬಹುಪಾಲು ಅದನ್ನು ಕಟ್ಟುವ ಮೊದಲೇ, ಅದರ ಬಗ್ಗೆ ಬರೆದ ವಾಕ್ಯಗಳಲ್ಲೇ ತೀರ್ಮಾನವಾಗಿರುತ್ತದೆ. ಬರೆಯಲು ಬಾರದಷ್ಟು ಮಸುಕಾಗಿರುವ ವಿಚಾರದಿಂದ ಒಳ್ಳೆಯ ವಸ್ತು ಹುಟ್ಟುವುದಿಲ್ಲ. ಇದನ್ನು ಕಂಪನಿಯ ನಿತ್ಯದ ಪದ್ಧತಿಯಾಗಿ ಮಾಡಿದ್ದು ಬೆಜೋಸ್ ಸಾಧನೆ.

ಸ್ಲೈಡಿನ ಮೇಲೆ ಅಷ್ಟೊಂದು ಸಿಟ್ಟು ಏಕೆ ಎಂಬುದಕ್ಕೆ ಒಂದು ಹಿನ್ನೆಲೆ ಇದೆ. ಅಮೆಜಾನ್‌ನ ಹಿರಿಯ ಅಧಿಕಾರಿಗಳಾಗಿದ್ದ ಕಾಲಿನ್ ಬ್ರಯರ್ ಮತ್ತು ಬಿಲ್ ಕಾರ್ 2021ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅದನ್ನು ಹೇಳಿದ್ದಾರೆ. 2004ರ ಆರಂಭದಲ್ಲಿ ಬೆಜೋಸ್ ಮತ್ತು ಬ್ರಯರ್ ವಿಮಾನ ಪ್ರಯಾಣದಲ್ಲಿ ಎಡ್ವರ್ಡ್ ಟಫ್ಟಿ ಅವರ ಪ್ರಬಂಧವೊಂದನ್ನು ಓದಿದರು. ಟಫ್ಟಿ ಯೇಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದವರು; ಅಂಕಿ–ಅಂಶಗಳನ್ನು ಕಣ್ಣಿಗೆ ಕಾಣುವಂತೆ ತೋರಿಸುವುದು ಹೇಗೆ ಎಂಬ ವಿಷಯದಲ್ಲಿ ದೊಡ್ಡ ಹೆಸರು. ಪವರ್‌ಪಾಯಿಂಟ್ ನಮ್ಮ ಯೋಚನೆಯನ್ನು ಹೇಗೆ ಕೆಡಿಸುತ್ತದೆ ಎಂಬುದು ಆ ಪ್ರಬಂಧದ ವಿಷಯ. ಟಫ್ಟಿ ಬಿಡಿಸಿ ತೋರಿಸಿದ ಒಂದು ಸ್ಲೈಡನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು.

2003ರ ಜನವರಿ 16ರಂದು ಕೊಲಂಬಿಯಾ ಗಗನನೌಕೆ ಮೇಲೆ ಹಾರಿತು. ನಮ್ಮ ಕರ್ನಾಲ್‌ನ ಹೆಣ್ಣುಮಗಳು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಅದರಲ್ಲಿದ್ದರು. ಹಾರಿದ ಸುಮಾರು 82 ಸೆಕೆಂಡಿಗೆ ಇಂಧನ ಟ್ಯಾಂಕಿನ ಹೊರಮೈಯಿಂದ ಫೋಮಿನ ತುಂಡೊಂದು ಕಿತ್ತು ನೌಕೆಯ ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿ ಸುತ್ತುತ್ತಿರುವಾಗಲೇ ಬೋಯಿಂಗ್‌ನ ಎಂಜಿನಿಯರುಗಳು ಈ ಪೆಟ್ಟಿನ ಪರಿಣಾಮ ಏನಿರಬಹುದು ಎಂದು ಲೆಕ್ಕ ಹಾಕಿ ನಾಸಾಕ್ಕೆ ಸ್ಲೈಡುಗಳಲ್ಲಿ ವರದಿ ಕೊಟ್ಟರು. ಅದರಲ್ಲೊಂದು ಸ್ಲೈಡಿನ ತಲೆಬರಹ ಓದಿದವರಿಗೆ ಸಮಾಧಾನ ಹುಟ್ಟಬೇಕು, ಹಾಗಿತ್ತು. ಅದರ ಕೆಳಗೆ ಚುಕ್ಕಿ, ಚುಕ್ಕಿಯ ಕೆಳಗೆ ಗೆರೆ, ಗೆರೆಯ ಕೆಳಗೆ ಇನ್ನೂ ಚಿಕ್ಕ ಚುಕ್ಕಿ. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ನಿಜವಾದ ವಿಷಯ ಕೂತಿತ್ತು. ಹಿಂದೆ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಫೋಮ್ ತುಂಡಿನ ಗಾತ್ರ 3 ಘನ ಅಂಗುಲ. ಈ ಸಲದ್ದು 1920 ಘನ ಅಂಗುಲ. 640 ಪಟ್ಟು ದೊಡ್ಡದು. ಅಂದರೆ ಹಳೆಯ ಪರೀಕ್ಷೆಯ ಆಧಾರದ ಮೇಲೆ ಈ ಪೆಟ್ಟಿನ ಬಗ್ಗೆ ಏನನ್ನೂ ಧೈರ್ಯವಾಗಿ ಹೇಳುವಂತಿರಲಿಲ್ಲ. ‘ಗಣನೀಯ’ ಎಂಬ ಅರ್ಥದ ಮಾತು ಆ ಒಂದೇ ಸ್ಲೈಡಿನಲ್ಲಿ ಐದು ಸಲ ಬಂದಿತ್ತು. ಗಣನೀಯ ಎಂದರೆ ಎಷ್ಟು ಎಂಬುದು ಒಂದು ಸಲವೂ ಇರಲಿಲ್ಲ.

ಫೆಬ್ರುವರಿ 1ರಂದು ಮರಳಿ ಬರುವಾಗ ಕೊಲಂಬಿಯಾ ಟೆಕ್ಸಾಸ್ ಆಕಾಶದಲ್ಲಿ ಚೂರಾಯಿತು. ಏಳೂ ಮಂದಿ ತೀರಿಕೊಂಡರು. ದುರಂತಕ್ಕೆ ಸ್ಲೈಡೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಅದೇ ವರ್ಷ ಆಗಸ್ಟ್‌ನಲ್ಲಿ ವರದಿ ಕೊಟ್ಟ ತನಿಖಾ ಮಂಡಳಿ ಈ ಸ್ಲೈಡಿಗೆಂದೇ ಒಂದು ಪುಟ ಮೀಸಲಿಟ್ಟಿತು. ಹಿರಿಯ ಅಧಿಕಾರಿಯೊಬ್ಬರು ಇದನ್ನು ಓದಿ, ಇದು ಪ್ರಾಣಾಪಾಯದ ಮಾತು ಎಂದು ತಿಳಿಯದೆ ಹೋಗುವುದು ಸಹಜ ಎಂಬ ಅಭಿಪ್ರಾಯಕ್ಕೆ ಬಂತು. ಆ ಎಂಜಿನಿಯರುಗಳಿಗೆ ವಿಷಯ ತಿಳಿದಿತ್ತು, ತಿಳಿದದ್ದನ್ನು ಸ್ಲೈಡಿನಲ್ಲಿ ಹಾಕಿಯೂ ಇದ್ದರು. ಅದನ್ನೇ ಒಂದು ಪೂರ್ಣ ವಾಕ್ಯವಾಗಿ ಬರೆದಿದ್ದರೆ, “ನಾವು ಪರೀಕ್ಷಿಸಿದ್ದಕ್ಕಿಂತ 640 ಪಟ್ಟು ದೊಡ್ಡ ತುಂಡು ಬಡಿದಿದೆ, ಆದ್ದರಿಂದ ರೆಕ್ಕೆ ಸುರಕ್ಷಿತ ಎನ್ನಲು ನಮ್ಮಲ್ಲಿ ಆಧಾರವಿಲ್ಲ” ಎಂದು ಬರೆಯಬೇಕಾಗುತ್ತಿತ್ತು. ‘ಆದ್ದರಿಂದ’ ಎಂದು ಬರೆದ ಮೇಲೆ ಮುಂದಿನ ಮಾತನ್ನು ಬರೆಯದೆ ಬಿಡುವಂತಿಲ್ಲ. ಚುಕ್ಕಿ ಹಾಕಿದವರಿಗೆ ಆ ಹಂಗಿಲ್ಲ. ಎರಡು ಚುಕ್ಕಿಗಳ ನಡುವಿನ ಸಂಬಂಧವನ್ನು ಓದುವವರೇ ಊಹಿಸಿಕೊಳ್ಳಬೇಕು, ಅವರು ತಮಗೆ ಬೇಕಾದ ಹಾಗೆ ಊಹಿಸಿಕೊಳ್ಳುತ್ತಾರೆ.

ಅಮೆಜಾನ್‌ನಲ್ಲಿ ಗದ್ಯ ಬಂದ ಮೇಲೂ ಎಲ್ಲವೂ ತಕ್ಷಣ ಸರಿಹೋಗಲಿಲ್ಲ. ಮೊದಮೊದಲು ಬಂದ ಬರಹಗಳು ತೀರಾ ಕಳಪೆಯಾಗಿದ್ದವು ಎಂದು ಬ್ರಯರ್ ಮತ್ತು ಕಾರ್ ಹೇಳುತ್ತಾರೆ. ಕೆಲವರು ಪುಟದ ಮಿತಿಯನ್ನೇ ಲೆಕ್ಕಕ್ಕಿಡಲಿಲ್ಲ. ಕೆಲವರು ಅಕ್ಷರ ಚಿಕ್ಕದು ಮಾಡಿ, ಅಂಚು ಕಿರಿದು ಮಾಡಿ ತುರುಕಿದರು. ನಿಧಾನವಾಗಿ ಒಂದು ಪದ್ಧತಿ ನೆಲೆಯಾಯಿತು. ಒಂದು ಗಂಟೆಯ ಸಭೆಗೆ ಹೆಚ್ಚೆಂದರೆ ಆರು ಪುಟ. ಪುಟಕ್ಕೆ ಮೂರು ನಿಮಿಷದ ಲೆಕ್ಕದಲ್ಲಿ ಮೊದಲ ಸುಮಾರು ಇಪ್ಪತ್ತು ನಿಮಿಷ ಎಲ್ಲರೂ ಮೌನವಾಗಿ ಓದಬೇಕು. ಮನೆಯಲ್ಲೇ ಓದಿ ಬನ್ನಿ ಎಂದರೆ ಓದದೆ ಬಂದು ಓದಿದವರಂತೆ ಮಾತಾಡುವವರು ಎಲ್ಲ ಕಡೆ ಇರುತ್ತಾರೆ, ಅದಕ್ಕೆ ಅಲ್ಲೇ ಓದು. ಓದಿದ ಮೇಲೆ ಪ್ರಶ್ನೆ. ಬರಹದ ಮೇಲೆ ಬರೆದವರ ಹೆಸರಿರುವುದಿಲ್ಲ, ಅದು ಇಡೀ ತಂಡದ್ದು.

ಈ ಮೌನದಲ್ಲಿ ನನಗೆ ತುಂಬ ಬೆಲೆ ಕಾಣುತ್ತದೆ. ಸ್ಲೈಡಿನ ಸಭೆ ಮಾತುಗಾರರ ಸಭೆ. ಯಾರ ಇಂಗ್ಲಿಷು ಸರಾಗವೋ, ಯಾರ ದನಿ ದೊಡ್ಡದೋ ಅವರ ವಿಚಾರ ಗೆಲ್ಲುತ್ತದೆ. ಚಿತ್ರದುರ್ಗದ ಕಡೆಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿನ ಕಂಪನಿ ಸೇರಿದ ಹುಡುಗಿ ಅಂಥ ಸಭೆಯಲ್ಲಿ ಬಾಯಿ ಬಿಡುವಷ್ಟರಲ್ಲಿ ತೀರ್ಮಾನ ಆಗಿಹೋಗಿರುತ್ತದೆ. ಆಕೆಯ ತಲೆಯಲ್ಲಿರುವುದು ಕಾಗದದ ಮೇಲೆ ಬಂದು, ಎಲ್ಲರೂ ಇಪ್ಪತ್ತು ನಿಮಿಷ ತಲೆ ತಗ್ಗಿಸಿ ಅದನ್ನು ಓದಲೇಬೇಕಾದರೆ, ಅಲ್ಲಿ ವಿಚಾರಕ್ಕೆ ವಿಚಾರವಾಗಿ ಬೆಲೆ ಸಿಗುವ ಅವಕಾಶವಾದರೂ ಇರುತ್ತದೆ.

ಹೊಸ ಉತ್ಪನ್ನ ಮಾಡಬೇಕೆನ್ನುವವರಿಗೆ ಅಮೆಜಾನ್ ಇನ್ನೊಂದು ಕೆಲಸ ಹಚ್ಚಿತು. ವಸ್ತು ಇನ್ನೂ ಇಲ್ಲ, ಒಂದು ಸಾಲು ಕೋಡ್ ಬರೆದಿಲ್ಲ. ಆದರೂ ಅದು ಬಿಡುಗಡೆಯಾದ ದಿನ ಪತ್ರಿಕೆಗಳಿಗೆ ಕೊಡುವ ಪ್ರಕಟಣೆಯನ್ನು ಈಗಲೇ ಬರೆಯಬೇಕು. ಒಂದು ಪುಟ ಸಾಕು. ಯಾರಿಗಾಗಿ ಈ ವಸ್ತು, ಅವರ ಯಾವ ತೊಂದರೆ ತೀರುತ್ತದೆ, ಈಗಿರುವುದಕ್ಕಿಂತ ಇದು ಏಕೆ ಮೇಲು. ಅದರ ಹಿಂದೆ ಗ್ರಾಹಕರು ಕೇಳಬಹುದಾದ ಪ್ರಶ್ನೆಗಳು ಮತ್ತು ಕಂಪನಿಯೊಳಗಿನವರು ಕೇಳುವ ಕಷ್ಟದ ಪ್ರಶ್ನೆಗಳು, ಉತ್ತರ ಸಮೇತ. ಪ್ರಕಟಣೆ ಓದಿ ಯಾರಿಗೂ ಆಸೆ ಹುಟ್ಟದಿದ್ದರೆ ತಿದ್ದಬೇಕು, ತಿದ್ದಿದರೂ ಹುಟ್ಟದಿದ್ದರೆ ಕೈಬಿಡಬೇಕು. ಕಟ್ಟಿದ ಮೇಲೆ ಕೆಡಹುವುದಕ್ಕಿಂತ ಬರೆದದ್ದನ್ನು ಹರಿದು ಹಾಕುವುದು ಸಾವಿರ ಪಾಲು ಅಗ್ಗ.

ಬರೆದರೆ ಸಾಕು, ಗೆದ್ದಂತೆಯೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಪದ್ಧತಿ ಶುರುವಾಗಿ ಹತ್ತು ವರ್ಷವಾದ ಮೇಲೆ, 2014ರಲ್ಲಿ, ಅಮೆಜಾನ್ ಫೈರ್ ಫೋನ್ ಎಂಬ ಮೊಬೈಲನ್ನು ಮಾರುಕಟ್ಟೆಗೆ ಬಿಟ್ಟಿತು. ಎದುರುಗಡೆಯ ನಾಲ್ಕು ಮೂಲೆಗಳಲ್ಲಿ ವಿಶೇಷ ಕ್ಯಾಮೆರಾ ಇಟ್ಟು, ತಲೆ ಅಲುಗಿಸಿದಂತೆಲ್ಲ ಪರದೆಯ ಚಿತ್ರ ಮೂರು ಆಯಾಮದಲ್ಲಿ ಹೊರಳುವಂತೆ ಮಾಡಿದ್ದರು. ಜನ ಕೊಳ್ಳಲಿಲ್ಲ. ಎರಡು ವರ್ಷದ ಕರಾರಿನೊಂದಿಗೆ 199 ಡಾಲರ್ ಇದ್ದ ಬೆಲೆ ಕೆಲವೇ ವಾರಗಳಲ್ಲಿ 99 ಸೆಂಟ್‌ಗೆ ಇಳಿಯಿತು. ಅಕ್ಟೋಬರಿನಲ್ಲಿ ಕಂಪನಿ 17 ಕೋಟಿ ಡಾಲರ್ ನಷ್ಟವನ್ನು ಲೆಕ್ಕಕ್ಕೆ ಬರೆದುಕೊಂಡಿತು. ಬರೆಯುವ ಪದ್ಧತಿ ಇದ್ದೂ ಇದು ಹೇಗಾಯಿತು? ನನಗೆ ತೋರುವುದು ಇಷ್ಟು: ಕಾಗದ ಪ್ರಶ್ನೆ ಎತ್ತಬಲ್ಲದು, ಕಂಪನಿ ಕಟ್ಟಿದವನೇ ಆ ವಸ್ತುವನ್ನು ಮೋಹಿಸಿ ಕೂತಾಗ ಆ ಪ್ರಶ್ನೆಯನ್ನು ಕೊನೆವರೆಗೂ ಒತ್ತಿ ಕೇಳುವವರು ಬೇಕು. ಗ್ರಾಹಕರ ಯಾವ ತೊಂದರೆ ತೀರುತ್ತದೆ ಎಂಬ ಸಾಲಿನ ಮುಂದೆ ಪ್ರಾಮಾಣಿಕವಾಗಿ ಏನೂ ಬರೆಯಲಾಗದ ವಸ್ತು ಅದು.

ಬೆಜೋಸ್ ಪ್ರತಿವರ್ಷ ತಮ್ಮ ಷೇರುದಾರರಿಗೆ ಪತ್ರ ಬರೆಯುತ್ತಿದ್ದರು. ಅವುಗಳಲ್ಲಿ 2017ನೇ ಸಾಲಿನದ್ದು ಗುಣಮಟ್ಟದ ಬಗ್ಗೆಯೇ ಇರುವ ಪತ್ರ. ಕಂಪನಿ ಕಟ್ಟುವವರಷ್ಟೇ ಅಲ್ಲ, ಮೇಷ್ಟ್ರುಗಳು, ಬಡಗಿಗಳು, ಬರಹಗಾರರು ಓದಿದರೂ ಉಪಯೋಗವಾಗುವಂಥದ್ದು. ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ಅವರ ಸ್ನೇಹಿತೆಯೊಬ್ಬರು ಆಧಾರವಿಲ್ಲದೆ ತಲೆಕೆಳಗಾಗಿ ಕೈ ಮೇಲೆ ನಿಲ್ಲುವುದನ್ನು ಕಲಿಯಲು ಗುರುವೊಬ್ಬರನ್ನು ಗೊತ್ತು ಮಾಡಿಕೊಂಡರು. ಮೊದಲ ಪಾಠದಲ್ಲೇ ಆ ಗುರು ಹೇಳಿದ ಮಾತು ಇದು: ಹೆಚ್ಚಿನವರು ಎರಡು ವಾರ ಕಷ್ಟಪಟ್ಟರೆ ಬಂದೀತು ಎಂದುಕೊಳ್ಳುತ್ತಾರೆ, ನಿಜಕ್ಕೂ ಬೇಕಾಗುವುದು ಆರು ತಿಂಗಳ ನಿತ್ಯದ ಅಭ್ಯಾಸ, ಎರಡು ವಾರ ಎಂದುಕೊಂಡು ಬಂದವರು ನಡುವೆ ಬಿಟ್ಟುಹೋಗುತ್ತಾರೆ. ಆರು ಪುಟದ ಟಿಪ್ಪಣಿಯೂ ಹಾಗೆಯೇ ಎನ್ನುತ್ತಾರೆ ಬೆಜೋಸ್. ಒಂದೆರಡು ದಿನದಲ್ಲಿ, ಕೆಲವೊಮ್ಮೆ ಕೆಲವೇ ಗಂಟೆಯಲ್ಲಿ ಮುಗಿಸಬಹುದು ಎಂದು ಜನ ಕೂರುತ್ತಾರೆ. ಒಳ್ಳೆಯದಾಗಬೇಕಾದರೆ ವಾರವೋ ಅದಕ್ಕಿಂತ ಹೆಚ್ಚೋ ಬೇಕು. ಬರೆದು, ತಿದ್ದಿ, ಜೊತೆಯವರಿಗೆ ತೋರಿಸಿ, ಒಂದೆರಡು ದಿನ ಪಕ್ಕಕ್ಕಿಟ್ಟು, ತಣ್ಣಗಿನ ತಲೆಯಲ್ಲಿ ಮತ್ತೆ ತಿದ್ದಬೇಕು. ಕೆಲಸ ಕೆಡುವುದು ಬಹಳ ಸಲ ಒಳ್ಳೆಯದು ಯಾವುದೆಂದು ಗೊತ್ತಿಲ್ಲದೆ ಅಲ್ಲ, ಒಳ್ಳೆಯದಕ್ಕೆ ಎಷ್ಟು ದುಡಿಮೆ ಬೇಕು ಎಂಬ ಅಂದಾಜು ತಪ್ಪಿ ಎಂಬುದು ಆ ಪತ್ರದ ತಿರುಳು.

ಈ ಮಾತಿಗೆ ಕನ್ನಡದಲ್ಲೇ ಒಂದು ದೊಡ್ಡ ಸಾಕ್ಷಿ ಇದೆ. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಕೂತು ಒಂದು ಕನ್ನಡ–ಇಂಗ್ಲಿಷ್ ನಿಘಂಟು ಸಿದ್ಧಪಡಿಸಿದರು. ಒಂದೂವರೆ ಲಕ್ಷ ಪದಗಳು, ಎರಡು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಅರ್ಥ ವಿವರಣೆಗಳು. 2019ರಲ್ಲಿ ಜೆರೋಧಾ ಕಂಪನಿಯ ತಂತ್ರಜ್ಞ ಕೈಲಾಶ್ ನಾಧ್ ಅದನ್ನು ‘ಅಲರ್’ ಎಂಬ ಹೆಸರಿನಲ್ಲಿ ಇಂಟರ್‌ನೆಟ್ಟಿಗೆ ತಂದರು, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿ ಸಹಿತ. ಇಂದು ಎಷ್ಟೋ ವಿದ್ಯಾರ್ಥಿಗಳು, ಅನುವಾದಕರು ಅದನ್ನು ತೆರೆದಿಟ್ಟುಕೊಂಡೇ ಕೆಲಸ ಮಾಡುತ್ತಾರೆ. ಅಲರ್ ಬಳಸಿದವರಿಗೆ ಅದು ಸರಳವಾಗಿ, ಚುರುಕಾಗಿ ಕಾಣುತ್ತದೆ. ಆ ಸರಳತೆಯ ಹಿಂದಿರುವ ಗುಣ ಬಂದದ್ದು ಪರದೆಯಿಂದಲ್ಲ, ಒಂದೊಂದು ಪದದ ಅರ್ಥ ಬರೆಯುತ್ತ ಕಳೆದ ಆ ವರ್ಷಗಳಿಂದ. ಹೂಡಿಕೆದಾರರ ಹಣಕ್ಕೆ ಕಾಯದೆ, ಬಿಡುಗಡೆಯ ದಿನಾಂಕವಿಲ್ಲದೆ ಒಬ್ಬರು ಮಾಡಿದ ಕೆಲಸ ಅದು. ನಮ್ಮ ಸ್ಟಾರ್ಟ್‌ಅಪ್ ಸಮಾರಂಭಗಳಲ್ಲಿ ಗುಣಮಟ್ಟದ ಮಾತು ಬಂದಾಗ ಕ್ಯಾಲಿಫೋರ್ನಿಯಾದ ಹೆಸರುಗಳ ಜೊತೆಗೆ ಕೃಷ್ಣ ಅವರ ಹೆಸರೂ ಬರಬೇಕು.

ಷೇರುದಾರರಿಗೆ ಬರೆದ ಅದೇ ಪತ್ರದಲ್ಲಿ ಬೆಜೋಸ್ ಇನ್ನೊಂದು ಮಾತು ಹೇಳುತ್ತಾರೆ. ಉನ್ನತ ಗುಣಮಟ್ಟದ ರುಚಿ ಒಂದು ಕ್ಷೇತ್ರದಲ್ಲಿ ಬಂದರೆ ಎಲ್ಲದರಲ್ಲೂ ತಾನಾಗಿ ಬರುವುದಿಲ್ಲ. ಪ್ರತಿಯೊಂದರಲ್ಲೂ ಬೇರೆಯಾಗಿ ಕಲಿಯಬೇಕು. ಕಂಪನಿ ಶುರುಮಾಡಿದಾಗ ಹೊಸತನ್ನು ಕಂಡುಹಿಡಿಯುವುದರಲ್ಲಿ, ಗ್ರಾಹಕರನ್ನು ನೋಡಿಕೊಳ್ಳುವುದರಲ್ಲಿ, ಒಳ್ಳೆಯವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದರಲ್ಲಿ ತಮಗೆ ಆ ಮಟ್ಟ ಇತ್ತು, ದಿನನಿತ್ಯದ ಕಾರ್ಯವಿಧಾನದಲ್ಲಿ ಇರಲಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ಆರಂಭದ ದಿನಗಳಲ್ಲಿ ಅವರೂ ಜೊತೆಯವರೂ ಗಟ್ಟಿ ನೆಲದ ಮೇಲೆ ಮಂಡಿಯೂರಿ ಪುಸ್ತಕದ ಪೊಟ್ಟಣ ಕಟ್ಟುತ್ತಿದ್ದರಂತೆ. ಮಂಡಿಗೆ ಮೆತ್ತೆ ತರಿಸೋಣ ಎಂದರಂತೆ ಬೆಜೋಸ್. ಪಕ್ಕದಲ್ಲಿದ್ದವರು, ಮೇಜು ತರಿಸೋಣ ಎಂದರಂತೆ.

ಒಂದರಲ್ಲಿ ಬಂದ ಮಟ್ಟ ಇನ್ನೊಂದರಲ್ಲಿ ತಾನಾಗಿ ಬಾರದು ಎಂಬ ಮಾತನ್ನು ಬೆಜೋಸ್ ಅವರಿಗೇ ಅನ್ವಯಿಸಿ ನೋಡುವುದು ನ್ಯಾಯ. ಗ್ರಾಹಕರಿಗೆ ಅಷ್ಟು ಕಾಳಜಿಯಿಂದ ಬರೆದು ಕಟ್ಟಿದ ಅದೇ ಕಂಪನಿಯ ಗೋದಾಮುಗಳಲ್ಲಿ ಕೆಲಸಗಾರರ ಮೇಲಿನ ಒತ್ತಡ, ಗಾಯಗಳ ಬಗ್ಗೆ ವರ್ಷಗಟ್ಟಲೆ ದೂರು ಬಂದವು. 2021ರ ಏಪ್ರಿಲಿನಲ್ಲಿ, ಸಿಇಒ ಆಗಿ ಬರೆದ ಕೊನೆಯ ಪತ್ರದಲ್ಲಿ, ನೌಕರರ ವಿಷಯದಲ್ಲಿ ನಾವು ಇನ್ನೂ ಚೆನ್ನಾಗಿ ನಡೆದುಕೊಳ್ಳಬೇಕು ಎಂದು ಬೆಜೋಸ್ ಬರೆದರು. ಅದು ತಡವಾಗಿ ಬಂದ ವಾಕ್ಯ. ಕೊಳ್ಳುವವರ ಬಗ್ಗೆ ಆರು ಪುಟ ಬರೆದವರು ಪೊಟ್ಟಣ ಕಟ್ಟುವವರ ಬಗ್ಗೆಯೂ ಅಷ್ಟೇ ಶ್ರದ್ಧೆಯಿಂದ ಆರು ಪುಟ ಮೊದಲೇ ಬರೆಯಬೇಕಿತ್ತು.

ನಮ್ಮಲ್ಲಿಗೆ ಬರೋಣ. ಅಮೆಜಾನ್‌ನ ಭಾರತದ ಅಂಗಡಿ ತೆರೆದದ್ದು 2013ರ ಜೂನ್‌ನಲ್ಲಿ. ಅದು ಕನ್ನಡದಲ್ಲಿ ಸಿಕ್ಕಿದ್ದು 2020ರ ಸೆಪ್ಟೆಂಬರಿನಲ್ಲಿ. ಇಲ್ಲಿ ಹುಟ್ಟಿದ ಎಷ್ಟೋ ಆ್ಯಪ್‌ಗಳಲ್ಲೂ ಕನ್ನಡ ಬರುವುದು ಎಲ್ಲ ಮುಗಿದ ಮೇಲೆ, ಕೊನೆಯ ವಾರದಲ್ಲಿ. ತರಕಾರಿ ಅಂಗಡಿಯ ಮುಂದೆ ಯುಪಿಐ ಮಾಡಿದಿರಿ ಎನ್ನಿ. ನಿಮ್ಮ ಖಾತೆಯಿಂದ ಹಣ ಹೋಯಿತು, ಅಂಗಡಿಯವರಿಗೆ ಬಂದಿಲ್ಲ. ಪರದೆಯ ಮೇಲೆ ‘ವ್ಯವಹಾರ ಪ್ರಕ್ರಿಯೆಯಲ್ಲಿದೆ’ ಎಂಬಂಥ ಒಂದು ಸಾಲು. ಅಂಗಡಿಯಮ್ಮ, “ಬಂದಿಲ್ಲಣ್ಣ, ಇನ್ನೊಂದ್ಸಲ ಹಾಕಿ” ಎನ್ನುತ್ತಾರೆ. ನೀವು ಏನು ಮಾಡಬೇಕು? ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲೇ ಇದಕ್ಕೆ ನಿಯಮ ಮಾಡಿದೆ. ಅಂಗಡಿಗೆ ಕೊಟ್ಟ ಹಣ ಹೀಗೆ ನಡುವೆ ಸಿಕ್ಕಿಕೊಂಡರೆ ವ್ಯವಹಾರದ ದಿನದಿಂದ 5 ದಿನದೊಳಗೆ ತಾನಾಗಿ ಖಾತೆಗೆ ಮರಳಬೇಕು. ಅದಕ್ಕೂ ತಡವಾದರೆ ಗ್ರಾಹಕರಿಗೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, ಅದೂ ಗ್ರಾಹಕರು ದೂರು ಕೊಡಲಿ ಎಂದು ಕಾಯದೆ.

ಇಷ್ಟನ್ನು ಎರಡು ವಾಕ್ಯದಲ್ಲಿ ಪರದೆಯ ಮೇಲೆ ಬರೆಯಬಹುದು. ನಾನು ಬಳಸಿದ ಆ್ಯಪ್‌ಗಳಲ್ಲಿ ಅಷ್ಟು ಸ್ಪಷ್ಟವಾಗಿ ಎಲ್ಲೂ ಕಂಡಿಲ್ಲ. ಅದು ಭಾಷಾಂತರದ ತೊಡಕಲ್ಲ. ಆ ಸಾಲು ಬರೆಯಬೇಕಾದರೆ ಹಣ ಈಗ ಎಲ್ಲಿದೆ, ಯಾವಾಗ ಬರುತ್ತದೆ, ಬಾರದಿದ್ದರೆ ಯಾರ ಹೊಣೆ ಎಂದು ಕಟ್ಟುವವರು ಮೊದಲು ವಿಚಾರಿಸಿ ತಿಳಿಯಬೇಕು. ತಿಳಿದ ಮೇಲೆ, ಆ ಮಾಹಿತಿ ಪರದೆಗೆ ಬರುವಂತೆ ವ್ಯವಸ್ಥೆಯನ್ನೇ ಬದಲಿಸಬೇಕಾಗಬಹುದು. ಹಣ ಸಿಕ್ಕಿಕೊಂಡವರಿಗೆ ಏನು ಹೇಳುತ್ತೇವೆ ಎಂದು ಮೊದಲ ದಿನವೇ ಒಬ್ಬರು ಕೂತು ಬರೆದಿದ್ದರೆ ಆ ಆ್ಯಪಿನ ಒಳಗಿನ ಕಟ್ಟಡವೇ ಬೇರೆಯಾಗಿರುತ್ತಿತ್ತು. ಬಟನ್ನಿನ ಮೇಲಿನ ಮಾತು, ತಪ್ಪಾದಾಗ ಬರುವ ಸಂದೇಶ, ಬಿಲ್ಲಿನ ಕೆಳಗಿನ ಸಣ್ಣಕ್ಷರ ಇವೆಲ್ಲ ಉತ್ಪನ್ನದ ಮೇಲೆ ಹಚ್ಚುವ ಬಣ್ಣ ಎಂದು ತಿಳಿದವರು ಬಹಳ. ಬಳಸುವವರ ಪಾಲಿಗೆ ಉತ್ಪನ್ನ ಎಂದರೆ ಅದೇ.

ಈಗ ಇನ್ನೊಂದು ಬದಲಾವಣೆ ಬಂದಿದೆ. ಆರು ಪುಟವನ್ನು ಕೃತಕ ಬುದ್ಧಿಮತ್ತೆಗೆ ಹೇಳಿ ಅರೆ ನಿಮಿಷದಲ್ಲಿ ಬರೆಸಬಹುದು. ಪಾಲ್ ಗ್ರಹಾಂ ಎಂಬವರು 1995ರಲ್ಲಿ ವಯಾವೆಬ್ ಎಂಬ ಕಂಪನಿ ಕಟ್ಟಿ ಯಾಹೂಗೆ ಮಾರಿದವರು, ಸಾವಿರಾರು ಹೊಸ ಕಂಪನಿಗಳಿಗೆ ದಾರಿ ಮಾಡಿದ ವೈ ಕಾಂಬಿನೇಟರ್ ಸಂಸ್ಥೆಗೆ 2005ರಲ್ಲಿ ಬುನಾದಿ ಹಾಕಿದವರಲ್ಲಿ ಒಬ್ಬರು. ಅವರು 2024ರ ಅಕ್ಟೋಬರಿನಲ್ಲಿ ಬರೆದ ಪುಟ್ಟ ಪ್ರಬಂಧದಲ್ಲಿ ಒಂದು ಎಚ್ಚರಿಕೆ ಇದೆ: ಮುಂದೆ ಬರೆಯಬಲ್ಲವರು, ಬರೆಯಲಾರದವರು ಎಂದು ಜಗತ್ತು ಎರಡು ಪಾಲಾಗುತ್ತದೆ, ಬರೆಯುವುದೆಂದರೆ ಯೋಚಿಸುವುದಾದ್ದರಿಂದ ಅದು ಯೋಚಿಸಬಲ್ಲವರು, ಯೋಚಿಸಲಾರದವರು ಎಂಬ ವಿಂಗಡಣೆಯೂ ಆಗುತ್ತದೆ. ನನಗೆ ಇದು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ. ಬೆಜೋಸ್ ಕೇಳಿದ ಆರು ಪುಟಗಳ ಪ್ರಯೋಜನ ಕಾಗದಕ್ಕಿಂತ ಹೆಚ್ಚಾಗಿ ಅದನ್ನು ಬರೆಯಲು ಪಟ್ಟ ಪಾಡಿನಲ್ಲಿತ್ತು. ಯಂತ್ರ ಬರೆದುಕೊಟ್ಟ ಪುಟಗಳನ್ನು ಯಂತ್ರವೇ ಓದಿ ಸಾರಾಂಶ ಹೇಳುವ ಸಭೆಯಲ್ಲಿ ಮನುಷ್ಯರು ಯಾವ ವಿಷಯವನ್ನೂ ತಿಳಿದುಕೊಂಡಿರುವುದಿಲ್ಲ. ಕಾಗುಣಿತ ತಿದ್ದಲು, ಬಿಟ್ಟುಹೋದದ್ದನ್ನು ಕೇಳಲು ಯಂತ್ರ ಬರಲಿ. ಮೊದಲ ಪ್ರತಿ ನಮ್ಮ ಕೈಯದೇ ಆಗಿರಬೇಕು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸೆಮಿನಾರು ಎಂದರೆ ಪಿಪಿಟಿ, ಪ್ರಾಜೆಕ್ಟು ಎಂದರೆ ಪಿಪಿಟಿ. ಅದರ ಜೊತೆಗೆ ಕೊಡುವ ದಪ್ಪ ರಿಪೋರ್ಟನ್ನು ಬರೆದವರೂ ಓದುವುದಿಲ್ಲ, ಅಂಕ ಹಾಕುವವರೂ ಓದುವುದಿಲ್ಲ. ಅದರ ಬದಲು ಎರಡೇ ಪುಟ ಬರೆಸಿ, ತರಗತಿಯಲ್ಲಿ ಎಲ್ಲರೂ ಕೂತು ಓದಿ, ಆಮೇಲೆ ಪ್ರಶ್ನೆ ಕೇಳುವ ಪದ್ಧತಿಯನ್ನು ಒಂದು ವಿಭಾಗ ಶುರುಮಾಡಿದರೂ ಸಾಕು, ಅದಕ್ಕೆ ಯಾವ ಅನುದಾನವೂ ಬೇಡ. ಅಧ್ಯಾಪಕರು ಮನಸ್ಸು ಮಾಡಬೇಕು.

ಹುಬ್ಬಳ್ಳಿ, ಮಂಗಳೂರು, ಮೈಸೂರು, ಬೆಂಗಳೂರು ಎಲ್ಲೇ ಇರಲಿ, ಹೊಸ ಕಂಪನಿ ಕಟ್ಟಲು ಹೊರಟಿರುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಲ್ಯಾಪ್‌ಟಾಪಿನಲ್ಲಿ ಕೋಡ್ ತೆರೆಯುವ ಮೊದಲು, ಹೂಡಿಕೆದಾರರಿಗೆ ಸ್ಲೈಡು ಜೋಡಿಸುವ ಮೊದಲು, ನಿಮ್ಮ ವಸ್ತುವಿನ ಬಗ್ಗೆ ಒಂದು ಪುಟ ಕನ್ನಡದಲ್ಲಿ ಬರೆಯಿರಿ. ಯಾರಿಗೆ ಅದು ಬೇಕು, ಏಕೆ ಬೇಕು, ಕೆಟ್ಟುಹೋದರೆ ಅವರಿಗೆ ನೀವು ಏನು ಹೇಳುತ್ತೀರಿ ಎಂಬುದೆಲ್ಲ ಪೂರ್ಣ ವಾಕ್ಯಗಳಲ್ಲಿ ಇರಲಿ. ಅದನ್ನು ಬಳಸಬೇಕಾದವರ ಕೈಯಲ್ಲೇ ಕೊಟ್ಟು ಓದಿಸಿ. ಅವರು ಎಲ್ಲಿ ತಡೆದು ನಿಂತರೋ ಅಲ್ಲಿ ತಿದ್ದಿ, ಎರಡು ದಿನ ಬಿಟ್ಟು ಮತ್ತೆ ತಿದ್ದಿ. ಕಟ್ಟುವ ಕೆಲಸ ಆಮೇಲೆ ಶುರುವಾಗಲಿ.